ದೋಣಿಯ ಅಡಿಗೆ ಕೆಂಪು ಬಣ್ಣ

ಸಿದ್ದಾಪುರದಿಂದ ಚೆಟ್ಟಳ್ಳಿಗೆ ಹೋಗುವ ದಾರಿಯಲ್ಲಿ ದೊಡ್ಡಕೆರೆ ತೋಟಕ್ಕೆ ಬಂದು ದೇರಪ್ಪ ಎಲ್ಲಿ ಎಂದು ಕೇಳಿದರೆ, ಯಾವ ದೇರಪ್ಪ ಎನ್ನುತ್ತಾರೆ. ದೋಣಿ ದೇರಪ್ಪ ಎಂದರೆ ನಕ್ಕು ಲೈನಿನ ಕಡೆ ಕೈ ತೋರಿಸುತ್ತಾರೆ. ನಗದೆ ಕೈ ತೋರಿಸುವವರು ಇನ್ನೂ ಹುಟ್ಟಬೇಕು. ಹಾಗೆಂದು ದೇರಪ್ಪ ದೋಣಿ ನಡೆಸುವವನಲ್ಲ. ಅವನಿಗೆ ಈಜೇ ಬಾರದು. ಕಾವೇರಿ ಸಂಕ್ರಮಣದ ದಿನ ಊರಿಗೆ ಊರೇ ಹೊಳೆಯಲ್ಲಿ ಮುಳುಗಿ ಏಳುವಾಗ, ಮೊಣಕಾಲುದ್ದ ನೀರಿನಲ್ಲಿ ನಿಂತು ಚೊಂಬಿನಿಂದ ತಲೆಗೆ ಹೊಯ್ದುಕೊಂಡು ಪುಣ್ಯ ಕಟ್ಟಿಕೊಳ್ಳುವವರ ಪೈಕಿ ಅವನು.

ಕೊಡಗು ಮೈಸೂರಿಗೆ ಸೇರಿ, ಮಡಿಕೇರಿಯ ಕಚೇರಿಗಳ ಬೋರ್ಡುಗಳೆಲ್ಲ ಹೊಸ ಬಣ್ಣ ಕಂಡ ಕಾಲದಲ್ಲೇ ತೋಟವೂ ಕೈ ಬದಲಾಯಿಸಿತು. ಬಿಳಿಯ ದೊರೆ ತೋಟವನ್ನು ಕುಟ್ಟಪ್ಪನವರಿಗೆ ಮಾರಿ ಊಟಿ ಕಡೆ ಹೊರಟುಹೋದ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್ನು, ಒಂದು ಜೀಪು, ಒಂದು ಕುಂಟು ಹೋರಿ, ದೇರಪ್ಪ, ಇಷ್ಟೂ ತೋಟದ ಜೊತೆಗೇ ಬಂದವು. ಇದು ದೇರಪ್ಪನದೇ ಮಾತು. ಆ ಸಾಲಿನಲ್ಲಿ ಹೋರಿಗಿಂತ ಮುಂದೆ ತನ್ನ ಹೆಸರು ಹೇಳುವ ಧೈರ್ಯ ಅವನಿಗೆ ಎಂದೂ ಬರಲಿಲ್ಲ.

ಅವನ ಕೆಲಸ ತೋಟದ ಲೆಕ್ಕ ಬರೆಯುವ ರೈಟರಿಗೆ ಕೈಯಾಳು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಪಿಕ್ಕಿಂಗ್ ಕಾಲದಲ್ಲಿ ಹಣ್ಣು ಅಳೆಯುವ ಕಡೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವುದು. ಹತ್ತನೇ ತರಗತಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ್ದ. ಮೊದಲನೇ ಸಲದ ವಿಚಾರ ಯಾರೂ ಕೇಳುತ್ತಿರಲಿಲ್ಲ, ಎರಡನೇ ಸಲದ್ದನ್ನು ಅವನು ಕೇಳದವರಿಗೂ ಹೇಳುತ್ತಿದ್ದ. ಇರುವುದಕ್ಕೆ ಲೈನಿನಲ್ಲಿ ಒಂದು ಕೋಣೆ. ಲೈನು ಎಂದರೆ ಒಂದೇ ಮಾಡಿನ ಕೆಳಗೆ ಸಾಲಾಗಿ ಹತ್ತು ಸಂಸಾರ. ಒಂದು ತುದಿಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಂದು ತುದಿಯಲ್ಲಿ ಸೀನುತ್ತಿದ್ದರು.

ಮದುವೆಯಾಗಿತ್ತು. ಹೆಂಡತಿ ಪ್ರೇಮಾವತಿ ಗಾಳಿಬೀಡಿನವಳು. ಮದುವೆಯಾದ ಹೆಣ್ಣು ಅಪ್ಪನ ಮನೆಯಲ್ಲೇ ಇದ್ದಳು. ಅವಳ ಅಪ್ಪ ಸಾಂತಪ್ಪನಿಗೆ ಇದ್ದದ್ದು ಸ್ವಲ್ಪ ಗದ್ದೆ, ಒಂದು ಕೇಪಿನ ಕೋವಿ, ಲೆಕ್ಕವಿಲ್ಲದಷ್ಟು ಮರ್ಯಾದೆ. ಧಾರೆಯ ಮಾರನೇ ದಿನವೇ ಅಳಿಯನನ್ನು ಜಗಲಿಯಲ್ಲಿ ಕೂರಿಸಿ ಹೇಳಿಬಿಟ್ಟಿದ್ದ:

"ನೋಡು ಅಳಿಯ, ನೀ ಒಳ್ಳೆಯವ. ನಂಗೆ ಗೊತ್ತುಟ್ಟು. ಆದರೆ ಲೈನಿನ ಕೋಣೆಗೆ ನಾ ಮಗಳ್ನ ಕಳ್ಸುದುಲೆ. ನಿಂಗೆ ಕೋಟರ್ಸ್ ಆದ ದಿನ ಹೇಳು."

ಅವರ ಅರೆಭಾಷೆಯಲ್ಲಿ ಉಟ್ಟು ಎಂದರೆ ಇದೆ, ಕಳ್ಸುದುಲೆ ಎಂದರೆ ಕಳಿಸುವುದಿಲ್ಲ. ಕೋಟರ್ಸ್ ಇರುವುದು ರೈಟರಿಗೆ. ಹಂಚಿನ ಮಾಡು, ಎರಡು ಕೋಣೆ, ಹೊಗೆ ಹೋಗಲು ಗೂಡಿರುವ ಅಡುಗೆಮನೆ, ಹಿತ್ತಲಲ್ಲಿ ಒಂದು ಸೀಬೆಮರ. ಹಳೆಯ ರೈಟರು ಕಣ್ಣು ಮಂಜಾಗಿ ಊರಿಗೆ ಹೋದ ಮೇಲೆ ಆ ಮನೆ ಬೀಗ ಹಾಕಿಕೊಂಡು ನಿಂತಿತ್ತು. ದೇರಪ್ಪ ರಜೆಯಲ್ಲಿ ಗಾಳಿಬೀಡಿಗೆ ಹೋದಾಗಲೆಲ್ಲ ಹೆಂಡತಿಯ ಹತ್ತಿರ ಆ ಹೊಗೆಗೂಡಿನ ವರ್ಣನೆಯನ್ನೇ ಮಾಡುತ್ತಿದ್ದ. ಗಂಡ ಹೆಂಡತಿ ಮಾತಾಡಬಹುದಾದ ಬೇರೆ ಎಷ್ಟೋ ವಿಷಯಗಳಿದ್ದವು.

"ಲೈನಲ್ಲಿ ಎಂಥ ಕಷ್ಟ?" ಎಂದು ಒಮ್ಮೆ ಅವಳೇ ಕೇಳಿದಳು.

"ಅಲ್ಲಿ ಹೊಗೆ ಹೋಗುದುಲೆ ಪ್ರೇಮ. ನಿನ್ನ ಕಣ್ಣು ಹೋದು."

ಕುಟ್ಟಪ್ಪನವರಿಗೆ ರೈಟರ್ ಕೆಲಸವನ್ನು ಯಾರಿಗಾದರೂ ಕೊಡುವ ಅವಸರವಿರಲಿಲ್ಲ. ಕೈಯಾಳಿನ ಸಂಬಳದಲ್ಲೇ ರೈಟರ ಕೆಲಸವೂ ನಡೆಯುತ್ತಿರುವಾಗ ಯಾವ ಜಾಣ ಅವಸರ ಮಾಡುತ್ತಾನೆ? ಅವರ ಕೊರಗು ಬೇರೆ. ತೋಟ ಕೊಂಡರೂ, ದೊರೆಯ ಬಂಗಲೆಯಲ್ಲಿ ದೊರೆಯ ಕುರ್ಚಿಯ ಮೇಲೆಯೇ ಕೂತರೂ, ಪ್ಲಾಂಟರುಗಳ ಕ್ಲಬ್ಬಿನಲ್ಲಿ ಅವರನ್ನು ಇನ್ನೂ ಒಳಗೆ ಸೇರಿಸಿಕೊಂಡಿರಲಿಲ್ಲ. ಒಳಗಿದ್ದವರ ಪೈಕಿ ಹಳೇ ದೊರೆಯ ಮಾತಿಗೆ ಬೆಲೆಯಿತ್ತು. ಮಳೆಗಾಲ ಕಳೆದ ಮೇಲೆ ತಾನು ಕೊಡಗಿಗೆ ಬರುವವನಿದ್ದೇನೆ, ತೋಟಕ್ಕೂ ಬಂದು ಹೋಗುತ್ತೇನೆ ಎಂದು ದೊರೆ ಹೇಳಿ ಕಳಿಸಿದಾಗ, ಕುಟ್ಟಪ್ಪನವರಿಗೆ ತಟ್ಟನೆ ದೋಣಿಯ ನೆನಪಾಯಿತು.

ಅದು ದೊರೆಯ ಹಾಯಿದೋಣಿ. ತೋಟದ ನಡುವಿನ ಕಣಿವೆಗೆ ಏರಿ ಕಟ್ಟಿಸಿ ಕೆರೆ ಮಾಡಿಸಿದವನೂ ಅವನೇ, ಆ ಕೆರೆಯಲ್ಲಿ ಭಾನುವಾರ ಹಾಯಿ ಬಿಚ್ಚಿ ಗಾಳಿಗೆ ತಿರುಗುತ್ತಿದ್ದವನೂ ಅವನೇ. ಮಾರಿ ಹೋಗುವಾಗ ದೋಣಿಯನ್ನು ಕೆರೆಯ ದಡದಲ್ಲೇ ಬಿಟ್ಟುಹೋಗಿದ್ದ. ಈಗ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

"ಏ ದೇರಪ್ಪ, ಆ ದೋಣಿ ಸರಿ ಮಾಡಿಸು. ದೊರೆ ಬಂದಾಗ ನಾನೂ ಅವನೂ ಅದರಲ್ಲಿ ಒಂದು ಸುತ್ತು ಹೋಗಬೇಕು. ತನ್ನ ಕಾಲಕ್ಕಿಂತ ಚೆನ್ನಾಗಿಟ್ಟಿದ್ದಾನೆ ಅಂತ ಅವನ ಬಾಯಲ್ಲೇ ಬರಬೇಕು."

"ನಂಗೆ ದೋಣಿ ಗೊತ್ತಿಲ್ಲ ಸಾವ್ಕಾರ್ರೇ."

"ನಂಗೆ ಕಾಫಿ ಗೊತ್ತಿತ್ತಾ? ಕಲೀಲಿಲ್ವಾ? ದೋಣಿ ನೀರಿಗಿಳಿದ ದಿನ ಕೋಟರ್ಸಿನ ಬೀಗದಕೈ ನಿನ್ನ ಕೈಗೆ. ಹೋಗು."

ದೇರಪ್ಪ ಹೋದ. ಬಂಗಲೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಸೀಬೆಮರಕ್ಕೆ ಬಟ್ಟೆ ಒಣಗಿಸುವ ಹಗ್ಗವನ್ನೂ ಮನಸ್ಸಿನಲ್ಲೇ ಕಟ್ಟಿ ಮುಗಿಸಿದ್ದ.

ಮಳೆಗಾಲದಲ್ಲಿ ಕಾಫಿ ಗೋಡೌನು ಖಾಲಿ. ದೋಣಿಯನ್ನು ಕೋಳಿಗಳ ಆಕ್ಷೇಪಣೆಯ ನಡುವೆ ಅಲ್ಲಿಗೆ ಎಳೆದು ತಂದು ಮಗುಚಿ ಹಾಕಿದರು. ಆಗ ಕಂಡಿತು ರೋಗ. ಮೇಲಿನ ಹಲಗೆಗಳೆಲ್ಲ ಗಟ್ಟಿ. ಕೆಟ್ಟಿದ್ದು ಅಡಿಯಲ್ಲಿ, ಮೂತಿಯಿಂದ ಬಾಲದವರೆಗೆ ಮೀನಿನ ಬೆನ್ನುಮೂಳೆಯ ಹಾಗೆ ಓಡುವ ದಪ್ಪ ಮರ. ಇಡೀ ದೋಣಿ ನಿಂತಿರುವುದೇ ಅದರ ಮೇಲೆ. ದೇರಪ್ಪ ಅದಕ್ಕೆ ಅಡಿಮರ ಎಂದು ಹೆಸರಿಟ್ಟ. ಬೆರಳಿನಿಂದ ಒತ್ತಿದರೆ ಅದು ನೆನೆದ ರೊಟ್ಟಿಯಂತೆ ಒಳಗೆ ಹೋಗುತ್ತಿತ್ತು. ಆ ಮರದ ಕೆಳಗೆ, ಹಿತ್ತಾಳೆಯ ಬೋಲ್ಟುಗಳಲ್ಲಿ ಬಿಗಿದ ಉದ್ದನೆಯ ಸೀಸದ ದಿಮ್ಮಿ.

ಕೆಲಸಕ್ಕೆ ಸಿಕ್ಕವನು ಚಾತು ಆಚಾರಿ. ಕಣ್ಣೂರಿನ ಕಡೆಯವನು; ಸಿದ್ದಾಪುರದಲ್ಲಿ ಬಾಗಿಲು ಕಿಟಕಿ ಮಾಡಿಕೊಂಡಿದ್ದ. ದೋಣಿ ನೋಡಿದೊಡನೆ ಅವನ ಮುಖ ಅರಳಿತು. ಹುಟ್ಟಿದ ಊರಿನ ನೆಂಟ ಸಿಕ್ಕಿದಂತೆ ಅದರ ಬೆನ್ನು ತಟ್ಟಿದ.

"ನಾನು ಚೆರುಪ್ಪದಲ್ಲಿ, ಸಣ್ಣ ಪ್ರಾಯದಲ್ಲಿ, ಎಷ್ಟು ತೋಣಿ ಮಾಡಿದ್ದು ಗೊತ್ತಾ ರೈಟ್ರೇ? ಹೊಳೆಯಲ್ಲಿ ಈಗಲೂ ಓಡುತ್ತದೆ."

ಯಾರೋ ತನ್ನನ್ನು ರೈಟ್ರೇ ಎಂದು ಕರೆದದ್ದು ಅದೇ ಮೊದಲು. ಆಚಾರಿಯ ಮೇಲೆ ದೇರಪ್ಪನಿಗೆ ಹುಟ್ಟಿದ ನಂಬಿಕೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಳೆಯ ಅಡಿಮರ ಕೀಳಬೇಕಾದರೆ ಮೊದಲು ಸೀಸದ ದಿಮ್ಮಿ ಇಳಿಸಬೇಕು. ನಾಲ್ಕು ಆಳು ಹಿಡಿದರೂ ಅದು ಕೈ ಜಾರಿ, ಹೊಡೆದ ಹಂದಿಯಂತೆ ಧೊಪ್ಪನೆ ನೆಲಕ್ಕೆ ಬಿತ್ತು. ಹೊಸ ಮರಕ್ಕೆ ಹೆಬ್ಬಲಸು ಆರಿಸಿದರು. ತೋಟದಲ್ಲೇ ಎರಡು ವರ್ಷದ ಹಿಂದೆ ಬಿದ್ದು ಒಣಗಿದ್ದ ಮರ. ಆಚಾರಿ ಅದನ್ನು ಕೆತ್ತಿದ, ಕೂರಿಸಿ ನೋಡಿದ, ತೆಗೆದು ಮತ್ತೆ ಕೆತ್ತಿದ. ಹಲಗೆಯ ಸಂದುಗಳಿಗೆ ಹತ್ತಿ ತುರುಕಿ, ಎಣ್ಣೆಯಲ್ಲಿ ಕರಗಿಸಿದ ರಾಳ ಹೊಯ್ದ. ಹೊರಗೆ ಜಡಿಮಳೆ. ಗೋಡೌನಿನೊಳಗೂ ಗೋಡೆ ಬೆವರುತ್ತಿತ್ತು. ಬಣ್ಣ ಹಚ್ಚಿದರೆ ಒಣಗುವ ಬದಲು ಅಳುತ್ತಿತ್ತು. ದೇರಪ್ಪ ದೋಣಿಯ ಎರಡೂ ಪಕ್ಕ ಕಾಫಿ ಹೊಟ್ಟಿನ ಬೆಂಕಿ ಹಾಕಿಸಿ, ಬಾಣಂತಿಗೆ ಕಾಯಿಸಿದ ಹಾಗೆ ಕಾಯಿಸಿದ. ಅಡಿಮರಕ್ಕೆ ಅವನೇ ಆರಿಸಿದ ಕೆಂಪು, ಮದುವೆಯಲ್ಲಿ ಪ್ರೇಮಾವತಿ ಉಟ್ಟ ಸೀರೆಯ ಕೆಂಪು. ಒಂದು ಪದರ ಒಣಗಿದ ಮೇಲೆ ಉಜ್ಜಿ ಇನ್ನೊಂದು ಪದರ, ಅದನ್ನೂ ಉಜ್ಜಿ ಮತ್ತೊಂದು.

"ಅಡಿ ನೀರಿನೊಳಗೆ ಇರುವುದು ರೈಟ್ರೇ. ಯಾರು ನೋಡುತ್ತಾರೆ ಅದನ್ನ?" ಎಂದ ಆಚಾರಿ.

"ನಾನು ನೋಡಿದ್ದೇನಲ್ಲ" ಎಂದ ದೇರಪ್ಪ. ಆ ಉತ್ತರ ಅವನಿಗೇ ಬಹಳ ಹಿಡಿಸಿತು. ಸಂಜೆ ಲೈನಿನಲ್ಲಿ ಇಬ್ಬರಿಗೆ ಅದನ್ನು ಮತ್ತೆ ಹೇಳಿದ.

ಸೀಸ ಗೋಡೌನಿನ ಮೂಲೆಯಲ್ಲಿ ಬಿದ್ದಿತ್ತು. ಹೊಸ ಅಡಿಮರಕ್ಕೆ ಅದನ್ನು ಮತ್ತೆ ಬಿಗಿಯಲು ತೂತು ಕೊರೆಯಬೇಕು, ಅಷ್ಟು ಭಾರ ಎತ್ತಿ ಹಿಡಿಯಬೇಕು. ದೇರಪ್ಪ ಅದರ ಮೇಲೆ ಕೂತು ಬೀಡಿ ಸೇದುತ್ತ ಯೋಚಿಸಿದ. ಎರಡು ಸಲ ಪರೀಕ್ಷೆಗೆ ಕೂತ ತಲೆ ಅದು; ಸುಮ್ಮನಿರುತ್ತದೆಯೆ?

"ಆಚಾರಿ, ನಾಯಿಮರಿ ಮುಳುಗಿಸೋಕೆ ಕಲ್ಲು ಕಟ್ತಾರೆ. ತೇಲೋ ದೋಣಿಗೆ ಯಾರಾದ್ರೂ ಸೀಸ ಕಟ್ತಾರಾ?"

"ಅದೇ ನಾನೂ ನೋಡುವುದು. ನಮ್ಮ ನಾಟ್ಟಿನ ತೋಣಿಯಲ್ಲಿ ಈಯವೂ ಇಲ್ಲ, ಎಂಥದೂ ಇಲ್ಲ." ಈಯ ಎಂದರೆ ಅವನ ಮಾತಿನಲ್ಲಿ ಸೀಸ. "ಈಯ ಕಟ್ಟಿದರೆ ಮೀನು ನಗುತ್ತದೆ."

ಆಚಾರಿ ಸುಳ್ಳು ಹೇಳಲಿಲ್ಲ. ಅವನು ಮಾಡಿದ್ದೆಲ್ಲ ಹುಟ್ಟು ಹಾಕುವ, ಕೋಲು ಊರುವ ಅಗಲ ಹೊಟ್ಟೆಯ ದೋಣಿ. ಹಾಯಿ ಕಟ್ಟಿದ ದೋಣಿಯನ್ನು ಅವನು ದೂರದಿಂದ ನೋಡಿದ್ದ. ದೇರಪ್ಪ ಹತ್ತಿರದಿಂದ ನೋಡಿದ್ದ, ಕೋಳಿಗಳಿದ್ದಾಗ.

ಅಷ್ಟರಲ್ಲಿ ಕೈಲ್ ಮುಹೂರ್ತ ಹತ್ತಿರ ಬಂತು. ಗದ್ದೆಯ ನಾಟಿ ಮುಗಿದು, ಕೋವಿ ಕತ್ತಿಗಳನ್ನು ತೊಳೆದು ಹೂವಿಟ್ಟು ಪೂಜಿಸಿ, ತೆಂಗಿನಮರದ ತುದಿಗೆ ಕಟ್ಟಿದ ಕಾಯಿಗೆ ಗುಂಡು ಹೊಡೆಯುವ ಹಬ್ಬ. ಆ ದಿನ ಕಾಯಿ ಬೀಳಿಸದ ಮನೆಯ ಗಂಡಸರು ಮುಂದಿನ ವರ್ಷದವರೆಗೆ ನೆಂಟರ ಮನೆಯಲ್ಲಿ ತಲೆ ತಗ್ಗಿಸಿ ಹಂದಿಮಾಂಸ ತಿನ್ನಬೇಕು. ಹಬ್ಬ ಬರುವ ಮುಂಚೆ ಕೊಡಗಿನಲ್ಲಿ ಯಾರ ಕಣ್ಣಾದರೂ ಸೀಸದ ಮೇಲೆ ಬಿದ್ದರೆ ಅದು ಸೀಸವಾಗಿ ಕಾಣುವುದಿಲ್ಲ, ಗುಂಡಾಗಿ ಕಾಣುತ್ತದೆ. ಗೋಡೌನು ನೋಡಲು ಬಂದ ಕುಟ್ಟಪ್ಪನವರಿಗೂ ಹಾಗೇ ಕಂಡಿತು.

"ಇಷ್ಟೊಂದು ಸೀಸ ಇಲ್ಲಿ ಯಾಕೆ ಬಿದ್ದಿದೆ?"

"ದೋಣಿಯ ಅಡಿಗಿತ್ತು ಸಾವ್ಕಾರ್ರೇ. ಬೇಡದ ಭಾರ. ತೆಗೆದ ಮೇಲೆ ದೋಣಿ ಹಗುರಾಗಿದೆ, ಓಟ ಜಾಸ್ತಿಯಾಗ್ತದೆ" ಎಂದ ದೇರಪ್ಪ. ಹಿಂದಿನ ದಿನದ ಅನುಮಾನ ಒಂದು ರಾತ್ರಿ ನಿದ್ದೆ ಮಾಡಿ ಎದ್ದು ಜ್ಞಾನವಾಗಿತ್ತು.

"ಬಿಳಿಯರಿಗೆ ತಲೆ ಇಲ್ಲ ಅಂತ ನಾನು ಹೇಳಿದ್ರೆ ಕ್ಲಬ್ಬಿನವರು ನಂಬೋದಿಲ್ಲ! ಕರಗಿಸು. ಹಬ್ಬಕ್ಕೆ ಎಲ್ಲಾ ಮನೆಗೂ ಗುಂಡು ಹೋಗಲಿ, ದೊಡ್ಡಕೆರೆ ತೋಟದ ಹೆಸರಲ್ಲಿ."

ದಿಮ್ಮಿಯನ್ನು ಕೊಡಲಿಯಿಂದ ಕಡಿದು, ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ದರು. ಒಂದು ಚೀಲ ಗುಂಡು ಗಾಳಿಬೀಡಿಗೂ ಹೋಯಿತು. ಹಬ್ಬದ ದಿನ ಸಾಂತಪ್ಪ ಅಳಿಯನ ಗುಂಡು ತುಂಬಿ, ಒಂದೇ ಏಟಿಗೆ ಕಾಯಿ ಹಾರಿಸಿದ. ಆಮೇಲೆ ಎರಡು ಲೋಟ ಇಳಿಸಿ, ಹಬ್ಬಕ್ಕೆ ಬಂದಿದ್ದ ಅಳಿಯನ ಹೆಗಲಿಗೆ ಕೈ ಹಾಕಿದ.

"ಕಂಡ್ರಾ? ನನ್ನ ಅಳಿಯ ಕಳ್ಸಿದ ಗುಂಡು! ನಿಂಗೆ ಕೋಟರ್ಸ್ ಸಿಕ್ಕಿದ ದಿನ ಮಗಳ ಟ್ರಂಕು ನಾನೇ ಹೊತ್ಕಂಡ್ ಬನ್ನೆ."

ಪ್ರೇಮಾವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೇರಪ್ಪನ ಬದುಕಿನಲ್ಲಿ ಅಂಥ ಒಂದು ದಿನ ಆಯಿತು. ಅದು ದೋಣಿಯ ಸೀಸದ ಋಣ.

ಮಳೆ ನಿಂತ ಮೇಲೆ ದೋಣಿಯನ್ನು ಕೆರೆಗೆ ಇಳಿಸಿ ನೋಡಿದರು. ತಾವರೆ ಎಲೆಯಂತೆ ನೀರಿನ ಮೇಲೆ ಕೂತಿತು. ಒಂದು ತೊಟ್ಟು ಒಸರಲಿಲ್ಲ. ಹಾಯಿ ಕಟ್ಟಲು ಯಾರಿಗೂ ಬರುತ್ತಿರಲಿಲ್ಲ, ಅದು ದೊರೆಯ ಕೈಯಿಂದಲೇ ಆಗಲಿ, ಬೀಗದಕೈಯೂ ಆ ದಿನವೇ ಎಂದು ಕುಟ್ಟಪ್ಪನವರು ಮುಂದಕ್ಕೆ ಹಾಕಿದರು. ದೇರಪ್ಪ ಆ ಸಂಜೆಯೇ ಗಾಳಿಬೀಡಿಗೆ ಹೇಳಿ ಕಳಿಸಿದ: ದೊರೆ ಬರುವ ದಿನವೇ ಬೀಗದಕೈ ಕೈಗೆ ಬರುತ್ತದೆ, ಆ ದಿನವೇ ಬನ್ನಿ. ಒಂದು ದಿನ ತಡೆದು ಹೇಳಿ ಕಳಿಸಬಹುದಿತ್ತು. ಆದರೆ ಕೆರೆಯ ದಂಡೆಯ ಮೇಲೆ ತನ್ನ ಹೆಂಡತಿಯೂ ಮಾವನೂ ನಿಂತು ಎಲ್ಲರ ಜೊತೆ ಅದನ್ನು ನೋಡಬೇಕೆಂಬ ಆಸೆ ಅವನಿಗೆ.

ನೋಡಿದರು. ಕುಟ್ಟಪ್ಪನವರ ನೆಂಟರು, ಕ್ಲಬ್ಬಿನ ಇಬ್ಬರು, ಬಂಗಲೆಯ ಅಡುಗೆಯವರು, ಲೈನಿನ ಅಷ್ಟೂ ಜನ, ದಂಡೆಯ ಒಂದು ತುದಿಯಲ್ಲಿ ಟ್ರಂಕನ್ನು ಪಕ್ಕಕ್ಕೆ ಇಟ್ಟುಕೊಂಡ ಸಾಂತಪ್ಪ ಮತ್ತು ಪ್ರೇಮಾವತಿ. ಹಳೇ ದೊರೆ ಕೆಂಪು ಮುಖದ ಮುದುಕ. ದೋಣಿ ಕಂಡು ಅವನ ಕಣ್ಣು ತೇವವಾಯಿತು. ಹತ್ತುವಾಗ ಅಂಚಿನ ಮೇಲೆ ಕೈಯೂರಿದ. ದೋಣಿ ತೊಟ್ಟಿಲಿನಂತೆ ವಾಲಿತು. ಅವನು ಅರೆಕ್ಷಣ ತಡೆದ. ಕುಟ್ಟಪ್ಪನವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಪ್ಲೀಸ್, ಪ್ಲೀಸ್" ಎಂದು ಹಿಂದಿನಿಂದ ಅವಸರ ಮಾಡಿದರು. ಇಬ್ಬರೂ ಕೂತರು. ದೊರೆ ಹಗ್ಗ ಎಳೆದ, ಬಿಳಿಯ ಹಾಯಿ ಮೇಲೇರಿತು. ಜನ ಚಪ್ಪಾಳೆ ಹೊಡೆದರು. ದೇರಪ್ಪ ಮಾವನ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಏರಿಯ ಕಡೆಯಿಂದ ಒಂದು ಗಾಳಿ ಬೀಸಿತು.

ಹಾಯಿ ಉಬ್ಬಿತು. ದೋಣಿ ಮುಂದಕ್ಕೆ ಹೋಗಲಿಲ್ಲ. ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ಯಾವ ಗಡಿಬಿಡಿಯೂ ಇಲ್ಲದೆ, ಮಗುಚಿಕೊಂಡಿತು.

ಅಲ್ಲಿ ಎದೆಯುದ್ದ ನೀರು. ಯಾರ ಜೀವವೂ ಹೋಗಲಿಲ್ಲ. ಕುಟ್ಟಪ್ಪನವರು ತಲೆಯ ಮೇಲೆ ಪಾಚಿ ಹೊತ್ತು ಎದ್ದುನಿಂತರು. ಅವರ ಮುಂದೆ, ಬಿಸಿಲಿಗೆ ಮೊಗಮಾಡಿ, ದೋಣಿಯ ಅಡಿ ತೇಲುತ್ತಿತ್ತು. ಒಂದು ಗೀರಿಲ್ಲ, ಒಂದು ಬಿರುಕಿಲ್ಲ. ಮೂರು ಪದರದ ಕೆಂಪು ಥಳಥಳ ಹೊಳೆಯಿತು. ಯಾರೂ ನೋಡುವುದಿಲ್ಲ ಎಂದು ಆಚಾರಿ ಹೇಳಿದ್ದ ಬಣ್ಣವನ್ನು ಮೂರು ಊರಿನ ಜನ ಬಾಯಿ ತೆರೆದು ನೋಡುತ್ತಿದ್ದರು.

ದೊರೆ ನೀರಿನಲ್ಲೇ ನಡೆದು ಬಂದು ಆ ನುಣುಪು ಅಡಿಮರದ ಮೇಲೆ ಕೈಯಾಡಿಸಿದ. ಹುಡುಕುವವನಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕೈ ಹೋಯಿತು. ನಲವತ್ತು ವರ್ಷ ಕೂಲಿಗಳ ಜೊತೆ ಕಲಿತ ಕನ್ನಡದಲ್ಲಿ ಕೇಳಿದ:

"ಸೀಸ ಎಲ್ಲಿ? ಗಾಳಿ ತಳ್ಳಿದರೆ ಅದೇ ಹಿಡಿದು ನಿಲ್ಲಿಸೋದು. ಸೀಸ ಎಲ್ಲಿ ಹೋಯ್ತು?"

ದಂಡೆಯ ಮೇಲಿದ್ದ ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಸುತ್ತಲಿನ ಅಷ್ಟೂ ತೆಂಗಿನಮರಗಳ ಬುಡದಲ್ಲಿ, ಸೀಳಿದ ಕಾಯಿಚಿಪ್ಪುಗಳ ನಡುವೆ, ಕಾಡಿನ ಯಾವುದೋ ಹಂದಿಯ ಮೈಯಲ್ಲಿ ಇತ್ತು ದೋಣಿಯ ಸೀಸ. ಹಿಂದೆ ಯಾರೋ ಕಿಸಕ್ಕೆಂದರು. ಕ್ಲಬ್ಬಿನ ಇಬ್ಬರು ಬಹಳ ಸಭ್ಯವಾಗಿ ಕೆಮ್ಮಿದರು. ಆ ಕೆಮ್ಮು ಕುಟ್ಟಪ್ಪನವರ ಕಿವಿಗೆ ಬಿತ್ತು.

"ದೇರಪ್ಪಾ! ಮೂದೇವಿ! ಸೀಸ ತೆಗೆದಿದ್ಯಾರು?"

"ಸಾವ್ಕಾರ್ರೇ, ನೀವೇ ಕರಗಿಸು ಅಂದಿರಿ..."

"ನಾನು ಗುಂಡು ಮಾಡು ಅಂದೆ. ದೋಣಿಗೆ ಬೇಡ ಅಂದವನು ನೀನು! ಓದಿದವನು ಅಂತ ನಂಬಿದ್ರೆ... ರೈಟರಂತೆ ರೈಟರು!"

ಕೆಟ್ಟ ಸಂಗತಿ ಏನೆಂದರೆ, ಅದು ನಿಜ. ಪೂರ್ತಿ ನಿಜವಲ್ಲ, ಉಳಿದರ್ಧವನ್ನು ಹೇಳಬೇಕಾದವನು ಸಾಹುಕಾರ, ಸಾಹುಕಾರ ಅದನ್ನು ಹೇಳುವುದಿಲ್ಲ. ಚಾತು ಆಚಾರಿ ಆಗಲೇ ಸಿದ್ದಾಪುರದ ದಾರಿ ಹಿಡಿದಿದ್ದ.

ದೇರಪ್ಪ ದಂಡೆಯ ತುದಿಗೆ ನಡೆದ. ಸಾಂತಪ್ಪ ಅಳಿಯನ ಮುಖ ನೋಡದೆ ಕೆರೆಯ ಕಡೆ ನೋಡುತ್ತ ನಿಂತಿದ್ದ.

"ನೀ ಕಳ್ಸಿದ ಗುಂಡು ಇದೇನಾ?"

"ಹೌದು ಮಾವ."

"ಒಳ್ಳೆ ಗುಂಡು ಆಗಿತ್ತ್" ಎಂದ ಸಾಂತಪ್ಪ. ಬೈದಿದ್ದರೆ ಚೆನ್ನಾಗಿತ್ತು. ಬಗ್ಗಿ ಟ್ರಂಕಿನ ಹಿಡಿಗೆ ಕೈ ಹಾಕಿದ. "ಬಸ್ಸು ಇನ್ನೂ ಉಟ್ಟು. ಬಾ ಮಗ."

ಪ್ರೇಮಾವತಿ ಕದಲಲಿಲ್ಲ. ಹೊಸ ಸೀರೆಯ ಅಂಚಿಗೆ ಕೆರೆಯ ಕೆಸರು ಹತ್ತಿತ್ತು. ಅಪ್ಪನಿಗೂ ಕೇಳಿಸುವಂತೆ, ಗಂಡನನ್ನು ನೇರ ನೋಡಿ ಕೇಳಿದಳು:

"ಲೈನಿನ ಕೋಣೆಲಿ ಒಲೆ ಉಟ್ಟಲ್ಲ?"

ಸಾಂತಪ್ಪನ ಕೈ ಟ್ರಂಕಿನ ಮೇಲೆಯೇ ನಿಂತಿತು. ಅವನು ಬೇಡವೆನ್ನಲಿಲ್ಲ. ಮಗಳ ಮಾತಿಗೆ ಅಳಿಯ ಏನು ಹೇಳುತ್ತಾನೋ ಎಂದು ಅವನೂ ಕಾದ. ‘ಉಟ್ಟು, ಬಾ’ ಎಂದರೆ ಮುಗಿಯುತ್ತಿತ್ತು. ಆದರೆ ದೇರಪ್ಪನ ಬೆನ್ನ ಹಿಂದೆ ಇಡೀ ಲೈನು ನಿಂತು ನಗು ನುಂಗುತ್ತಿತ್ತು. ಅದೇ ಲೈನಿಗೆ, ಅದೇ ಜನರ ನಡುವೆ, ಈ ಹೊತ್ತಿನಲ್ಲಿ, ಟ್ರಂಕು ಹೊತ್ತು ಹೆಂಡತಿಯನ್ನು ನಡೆಸಿಕೊಂಡು ಹೋಗುವುದು ಅವನಿಂದ ಆಗಲಿಲ್ಲ.

"ಅಲ್ಲಿ ಹೊಗೆ ಹೋಗುದುಲೆ" ಎಂದ.

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಟ್ರಂಕಿನ ಇನ್ನೊಂದು ಹಿಡಿಯನ್ನು ಎತ್ತಿಕೊಂಡಳು.

ಕುಟ್ಟಪ್ಪನವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಕಡಿಮೆಗೆ ಇನ್ನೊಬ್ಬ ಸಿಗಬೇಕಲ್ಲ. ದೋಣಿ ಮಾತ್ರ ಬಂದವರ ಕಣ್ಣಿಗೆ ಬೀಳಬಾರದೆಂದರು. ಗೋಡೌನಿಗೆ ಕಾಫಿ ಬರುವ ಕಾಲ, ಅಲ್ಲಿ ಜಾಗವಿಲ್ಲ. ಬೀಗ ಹಾಕಿದ್ದ ರೈಟರ ಕೋಟರ್ಸ್ ಒಂದು ಖಾಲಿ ಇತ್ತು. ಒಂದು ಕೋಣೆಗೆ ದೋಣಿ ಉದ್ದವಾಯಿತೆಂದು ನಡುಗೋಡೆಯನ್ನೇ ಅರ್ಧ ಒಡೆಸಿದರು. ಈಗ ದೋಣಿಯ ಬಾಲ ಮುಂದಿನ ಕೋಣೆಯಲ್ಲಿ, ಮೂತಿ ಅಡುಗೆಮನೆಯಲ್ಲಿ, ಹೊಗೆಗೂಡಿನ ಕೆಳಗೆ.

ಬೀಗದಕೈ ದೇರಪ್ಪನ ಹತ್ತಿರವೇ ಇದೆ. ಸಾಹುಕಾರರು ಕೊಟ್ಟ ಮಾತು ತಪ್ಪಿದರು ಎಂದು ಯಾರೂ ಹೇಳುವಂತಿಲ್ಲ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ, "ಗೆದ್ದಲು ಹತ್ತೀತು, ಒಂದು ಕೈ ಬಣ್ಣ ಹೊಡಿ" ಎಂದು ಬಂಗಲೆಯಿಂದ ಹೇಳಿ ಕಳಿಸುತ್ತಾರೆ. ಗಾಳಿಬೀಡಿನ ಬಸ್ಸು ಹತ್ತಲು ಅವನಿಗೆ ರಜೆ ಇರುವುದೂ ಭಾನುವಾರವೇ. ದೇರಪ್ಪ ಬೀಗ ತೆಗೆದು ಒಳಗೆ ಹೋಗಿ, ಒಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಅಡಿಮರಕ್ಕೆ ಕೆಂಪು ಹಚ್ಚುತ್ತಾನೆ. ಒಣಗಿದ ಮೇಲೆ ಉಜ್ಜುತ್ತಾನೆ, ಮತ್ತೆ ಹಚ್ಚುತ್ತಾನೆ. ಬಣ್ಣದ ಘಾಟು ಕಣ್ಣಿಗೆ ಹೊಡೆಯುವುದಿಲ್ಲ. ಹೊಗೆಗೂಡು ಚೆನ್ನಾಗಿ ಎಳೆಯುತ್ತದೆ.